ಅಂಕಿ ನಿಲ್ಲದ ತಕ್ಕಡಿ

ಆಲ್ಬರ್ಟ್ ಎಂಬ ಈ ಮಹಾನುಭಾವ ಸಕಲೇಶಪುರದ ಸುತ್ತಿನ ಎಸ್ಟೇಟುಗಳ ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ ಮಾಡುವವನು. ಅಜ್ಜ ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದವರು. ಇವನ ಕೆಲಸಕ್ಕೆ ಯಾರೂ ಹೆಸರಿಡುವಂತಿಲ್ಲ, ಆದರೆ ನಿಧಾನ ಅಂದರೆ ನಿಧಾನ. ತೂಕದ ಕಲ್ಲಿಟ್ಟು, ಅಂಕಿ ಓಲಾಡಿ ಓಲಾಡಿ ನಿಲ್ಲುವುದನ್ನು ನೋಡುತ್ತಾ ಎಲ್ಲಿಗೋ ತೇಲಿಹೋಗುತ್ತಾನೆ. ಹೊರಗೆ ಮಂಜು ಬಂದು ಕಾಫಿ ಗಿಡಗಳನ್ನು ಒಂದೊಂದಾಗಿ ನುಂಗುತ್ತಿದ್ದರೂ ಇವನಿಗೆ ಖಬರಿಲ್ಲ. ಹೆಂಡತಿ ಗ್ಲೋರಿಯಾ ಬೈದು ಬೈದು ಸುಸ್ತಾಗಿ ಸುಮ್ಮನಾಗಿದ್ದಾಳೆ.

ತಕ್ಕಡಿಯ ಕಂಟ್ರೋಲರಿನಲ್ಲಿ ಮೋಷನ್ ಟಾಲರೆನ್ಸ್ ಅಂತ ಒಂದಿದೆ. ಇಷ್ಟು ಅಲುಗಾಡಿದರೆ ಪರವಾಗಿಲ್ಲ, ತೂಕ ನಿಂತಿತು ಅಂತಲೇ ತಿಳಿ ಎಂದು ಯಂತ್ರಕ್ಕೆ ಹೇಳಿಕೊಡುವುದು. ಕಾಫಿ ಮೂಟೆಗೆ ಧಾರಾಳ, ಏಲಕ್ಕಿಗೆ ಬಿಗಿ. ವನಗೂರಿನ ಎಸ್ಟೇಟ್ ಸ್ಟೋರಿನ ಏಲಕ್ಕಿ ತಕ್ಕಡಿಯನ್ನು ಆಲ್ಬರ್ಟ್ ಎಷ್ಟು ಬಿಗಿ ಮಾಡಿದ್ದನೆಂದರೆ, ಪಕ್ಕದಲ್ಲಿ ಯಾರಾದರೂ ಸೀನಿದರೂ ಅಂಕಿ ನಿಲ್ಲುತ್ತಿರಲಿಲ್ಲ.

ಮೊನ್ನೆ ಅಲ್ಲಿ ಲೆಕ್ಕ ಬರೆಯುವ ರೈಟರ್ ನಟರಾಜ್ ಫೋನ್ ಮಾಡಿ, "ತಕ್ಕಡಿ ಕೆಟ್ಟೋಗ್ಬುಟ್ಟೈತೆ, ಬೇಗ ಬಾ ಮಾರಾಯ" ಅಂದ. ಹೋಗಿ ನೋಡಿದರೆ ತಟ್ಟೆಯ ಮೇಲೆ ಏಲಕ್ಕಿಯಲ್ಲ, ಮಗು! ಎಸ್ಟೇಟ್ ಕೂಲಿಯವರ ಲೈನ್ ಮನೆಯ ಚೈತ್ರಶ್ರೀ ದಿನ ತುಂಬುವ ಮೊದಲೇ ಹೆತ್ತ ಗಂಡು ಮಗು. ಈ ವಾರ ತೂಕ ಏರದಿದ್ದರೆ ಹಾಸನದ ಆಸ್ಪತ್ರೆಗೆ ವಾಪಸ್ ಸೇರಿಸಬೇಕೆಂದು ಡಾಕ್ಟರು ಹೇಳಿದ್ದರಂತೆ. ತೂಗಿಸುವುದಕ್ಕೆಂದೇ ಆ ಹಸುಗೂಸನ್ನು ಜೀಪಿನಲ್ಲಿ ಕುಲುಕಿಸುವುದು ಬೇಡವೆಂದು ನಟರಾಜ್ ಇಲ್ಲೇ ತೂಗಿಕೊಡುತ್ತಿದ್ದ.

"ಹೋದ ವಾರ ಮಲಗಿಸಿದ ತಕ್ಷಣ ಅಂಕಿ ನಿಂತಿತ್ತು ಅಣ್ಣ," ಅಂದಳು ಚೈತ್ರಶ್ರೀ. "ಇವತ್ತು ನಿಲ್ತಾನೇ ಇಲ್ಲ. ಏರೈತೋ ಇಳಿದೈತೋ ಹೆಂಗೆ ತಿಳ್ಕೊಳ್ಲಿ?"

ಆಲ್ಬರ್ಟ್ ಕುಣಿಯುವ ಅಂಕಿಯನ್ನು ನೋಡುತ್ತಾ ನಿಂತ. ಅವನ ಮತ್ತು ಗ್ಲೋರಿಯಾಳ ಚೊಚ್ಚಲ ಮಗುವೂ ಹೀಗೇ ಅವಸರದಲ್ಲಿ ಬಂದಿತ್ತು. ಇಟ್ಟ ಕಡೆ ಇರುತ್ತಿತ್ತು, ಅಳುತ್ತಲೂ ಇರಲಿಲ್ಲ. ಎಷ್ಟು ಸಾಧು ಮಗು ಎಂದು ಇವನು ಹಿಗ್ಗಿದ್ದ, ಪಾಪ, ಏನೂ ಗೊತ್ತಿಲ್ಲದ ದಡ್ಡ. ಅದು ಬಹಳ ದಿನ ಉಳಿಯಲಿಲ್ಲ. ಮಂಜು ಸ್ಟೋರಿನ ಬಾಗಿಲವರೆಗೂ ಬಂದಿತ್ತು. ಅದರೊಳಗೆಲ್ಲೋ ಆ ಮಗು ಇನ್ನೂ ಅಲುಗದೆ ಮಲಗಿದೆ ಅನ್ನಿಸಿತು ಅವನಿಗೆ.

"ಏನಾಗೈತೋ ಅದಕ್ಕೆ?" ಎಂದ ನಟರಾಜ್.

"ತಕ್ಕಡಿಗೆ ಏನೂ ಆಗಿಲ್ಲ." ಆಲ್ಬರ್ಟ್ ಚೈತ್ರಶ್ರೀಯ ಕಡೆ ತಿರುಗಿದ. "ಹೋದ ವಾರ ಇವನು ಕಾಲು ಆಡಿಸ್ತಿದ್ನಾ ತಂಗಿ?"

"ಇಲ್ಲ ಅಣ್ಣ. ಸುಮ್ನೆ ಬಿದ್ದಿದ್ದ."

"ಈಗ ನೋಡು."

ಕಡ್ಡಿಯಂಥ ಎರಡು ಕಾಲು ಹೊದಿಕೆಯನ್ನು ಒದ್ದು ಒದ್ದು ಕೆಳಗೆ ತಳ್ಳಿದ್ದವು. ಚೈತ್ರಶ್ರೀ ನೋಡಿದಳು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

ಆಲ್ಬರ್ಟ್ ಟಾಲರೆನ್ಸನ್ನು ಒಂದೊಂದೇ ಹೆಜ್ಜೆ ಸಡಿಲಿಸುತ್ತಾ ಹೋದ. ಕೊನೆಗೆ ಅಂಕಿ ನಿಂತಿತು. ಹೋದ ವಾರದ್ದಕ್ಕಿಂತ ಚೆನ್ನಾಗಿಯೇ ಏರಿತ್ತು. ಹಾಸನಕ್ಕೆ ಹೋಗುವ ಮಾತಿಲ್ಲ.

"ಸರಿ, ಈಗ ಮೊದಲಿನ ಹಂಗೇ ಬಿಗಿ ಮಾಡ್ಬುಡು," ಅಂದ ನಟರಾಜ್.

ಆಲ್ಬರ್ಟ್ ಸಾಮಾನಿನ ಚೀಲ ಹೆಗಲಿಗೇರಿಸಿದ. "ಏಲಕ್ಕಿ ಕೊಯ್ಲು ಶುರುವಾದಾಗ ಕರಿ, ಬರ್ತೀನಿ. ಅಲ್ಲೀವರೆಗೂ ಇವನು ಒದೀತಿರ್ಲಿ."