ಮೈಲಿಗಲ್ಲಿನವರೆಗೆ ಹೋದ ಗಡಿಯಾರ

ಕಳ್ಳರನ್ನು ಪೊಲೀಸರು ಮಾವನ ಮನೆಗೆ ಕಳಿಸುತ್ತಾರೆ ಎಂದು ಜನ ತಮಾಷೆ ಮಾಡುವುದುಂಟು. ಸರಗೂರಿನ ಷಣ್ಮುಖಪ್ಪ ಏನನ್ನೂ ಕದಿಯದೆ, ತಲೆಗೆ ಬಾಸಿಂಗ ಕಟ್ಟಿಕೊಂಡು, ವಾಲಗ ಊದಿಸಿಕೊಂಡು ತಾನಾಗಿಯೇ ಹೋದ. ಕಂಪಲಾಪುರದ ದಿನಸಿ ವ್ಯಾಪಾರಿ ಸಿದ್ದಮಲ್ಲಪ್ಪನವರಿಗೆ ಮಂಗಳಮ್ಮ ಒಬ್ಬಳೇ ಮಗಳು. ಷಣ್ಮುಖಪ್ಪನ ಅಪ್ಪನಿಗೆ ಗಂಡುಮಕ್ಕಳು ಐದು. ತಕ್ಕಡಿ ಸರಿದೂಗಿಸಲು ಹಿರಿಯರು ಐದನೆಯವನನ್ನು ಈ ತಟ್ಟೆಯಿಂದೆತ್ತಿ ಆ ತಟ್ಟೆಗೆ ಹಾಕಿದರು. ಅವನು ಮನೆಅಳಿಯನಾದ.

ಹೆಸರಿಗೆ ಆರು ಮುಖ. ಆದರೆ ಅದರಲ್ಲಿ ಒಂದನ್ನಾದರೂ ಗಂಟಿಕ್ಕಲು ಆ ಮನೆಯಲ್ಲಿ ಕಾರಣವೇ ಸಿಗುತ್ತಿರಲಿಲ್ಲ. ಸಿದ್ದಮಲ್ಲಪ್ಪನವರು ಬೈಯುವ ಜನವಲ್ಲ. ಅಳಿಯನಿಗೆ ಪಂಚೆ ಬೇಕೆನ್ನುವ ಮೊದಲೇ ಪಂಚೆ ಬರುತ್ತಿತ್ತು. ಹಸಿವಾಗುವ ಮೊದಲೇ ಊಟಕ್ಕೆ ಕರೆ ಬರುತ್ತಿತ್ತು. ಮದುವೆಯ ಕೋಟನ್ನು ಅವರು ತಮ್ಮ ಅಳತೆಗೇ ಹೊಲಿಸಿದ್ದರು. "ಅಳಿಯಂದ್ರು ಇನ್ನೂ ಬೆಳೀತಾರೆ" ಎಂದು ದರ್ಜಿಗೆ ಹೇಳಿದ್ದರಂತೆ. ಷಣ್ಮುಖಪ್ಪನಿಗೆ ಆಗ ಇಪ್ಪತ್ತೇಳು ತುಂಬಿತ್ತು. ಬೆಲ್ಲದ ಪಾಕಕ್ಕೆ ಬಿದ್ದ ಇರುವೆಗೆ ಯಾರ ಮೇಲೆ ದೂರು ಹೇಳಬೇಕೆಂದು ಹೇಗೆ ತಿಳಿಯುವುದಿಲ್ಲವೋ ಹಾಗೆ ಅವನಿಗೂ ತಿಳಿಯುತ್ತಿರಲಿಲ್ಲ.

ಆ ಮನೆಯಲ್ಲಿ ಅವನದು ಎನ್ನುವುದು ಒಂದೇ ಇತ್ತು: ಅವನ ತಾಯಿ ಕೊಟ್ಟಿದ್ದ ಬೆಳ್ಳಿಯ ಉಡಿದಾರ. ಅದೂ ಸೊಂಟದಲ್ಲಿ, ಪಂಚೆಯೊಳಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ. ಒಂದೇ ಒಂದು ವಸ್ತು ಹೊರಗೆ ಕಾಣುವ ಹಾಗೆ, ತಾನೇ ಆರಿಸಿಕೊಂಡದ್ದು, ಮಾವ ಕೊಡಿಸದೇ ಇದ್ದದ್ದು ತನಗೆ ಬೇಕು ಎನ್ನುವುದು ಅವನ ಮನಸ್ಸಿನಲ್ಲಿ ಹಲ್ಲುಸಂದಿಯ ಅಡಿಕೆಚೂರಿನಂತೆ ಕೂತಿತ್ತು.

ಅದು ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಅಲ್ಲಿಂದ ಮೈಸೂರಿಗೆ ಕಿತ್ತಳೆ ಸಾಗಿಸುವ ಲಾರಿಗಳು ಕಂಪಲಾಪುರದಲ್ಲಿ ನೀರು ಕುಡಿಯಲು ನಿಲ್ಲುತ್ತಿದ್ದವು. ಹಾಗೆ ನಿಂತ ಒಂದು ಲಾರಿಯಿಂದ ಇಳಿದ ದೇವಯ್ಯ ಎಂಬ ಕೊಡವರು ಮಾವನ ಅಂಗಡಿಗೆ ಬೀಡಿ ಕೊಳ್ಳಲು ಬಂದು, ಬೆಂಕಿಪೆಟ್ಟಿಗೆ ಹುಡುಕುತ್ತ ಜೇಬಿನಲ್ಲಿದ್ದುದನ್ನೆಲ್ಲ ಗಲ್ಲಾಪೆಟ್ಟಿಗೆಯ ಮೇಲೆ ಸುರಿದರು. ಅದರಲ್ಲಿ ಪಟ್ಟಿಯಿಲ್ಲದ ಒಂದು ಕೈಗಡಿಯಾರ ಇತ್ತು. ಗಾಜಿನ ಮೇಲೆ ಲೋಹದ ಜಾಲರಿ. ಆ ಕಂಬಿಗಳ ಸಂದಿಯಿಂದ ಅಂಕಿಗಳು ಇಣುಕುತ್ತಿದ್ದವು.

"ಇದೇನ್ ಸ್ವಾಮಿ, ಗಡಿಯಾರಾನ ಲಾಕಪ್‌ಗೆ ಹಾಕವ್ರೆ?" ಗಲ್ಲಾದಲ್ಲಿ ಕೂತಿದ್ದ ಷಣ್ಮುಖಪ್ಪ ಕೇಳಿದ.

"ನಮ್ಮಪ್ಪನದು. ಮೊದಲ್ನೇ ಮಹಾಯುದ್ಧದಲ್ಲಿ ಕಟ್ಟಿಕೊಂಡು ಸಮುದ್ರ ದಾಟಿ ಬಸ್ರಾಕ್ಕೆ ಹೋಗಿದ್ರು. ಗುಂಡು ತಾಗಿದ್ರೂ ಗಾಜು ಒಡೀಬಾರ್ದು ಅಂತ ಜಾಲರಿ. ಅಪ್ಪ ವಾಪಸ್ ಬಂದ್ರು, ಗಡಿಯಾರ ಅಲ್ಲೇ ನಿಂತೋಯ್ತು. ಮೈಸೂರಲ್ಲಿ ಮಾರಿಬಿಡೋಣ ಅಂತ ತಂದಿದ್ದೇನೆ."

ಒಳಗೆ ಮಾವನವರು ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಷಣ್ಮುಖಪ್ಪ ಹಿಂದುಮುಂದು ನೋಡಲಿಲ್ಲ. ಗೋಡೆಯ ಕಡೆ ತಿರುಗಿ, ಪಂಚೆ ಸಡಿಲಿಸಿ, ಉಡಿದಾರ ಬಿಚ್ಚಿ ದೇವಯ್ಯನವರ ಕೈಗಿಟ್ಟ.

"ಓಡದ ಗಡಿಯಾರಕ್ಕೆ ಬೆಳ್ಳಿ ಕೊಡ್ತೀರಾ ಮಾರಾಯ್ರೆ?"

"ಓಡ್ಲಿಲ್ಲ ಅಂದ್ರೂ ನಂದೇ ಅಲ್ವಾ?"

ಸೊಂಟದಲ್ಲಿ ಕರೀ ದಾರ ಬಂದದ್ದನ್ನು ಮಂಗಳಮ್ಮ ಮಾರನೆಯ ದಿನವೇ ಕಂಡಳು. ಅಡುಗೆಮನೆಯ ಬಾಗಿಲಲ್ಲಿ ಗಂಡ ತೋರಿಸಿದ ಗಡಿಯಾರವನ್ನು ತಿರುವಿ ನೋಡಿ, "ಸೊಂಟದ್ದು ಕೈಗೆ ಬಂತಾ? ಆಗ್ಲಿ ಬುಡಿ, ಅಪ್ಪಾಜಿಗೆ ನಾನಾಗಿ ಹೇಳಾಕಿಲ್ಲ" ಎಂದಳು. ಅಷ್ಟು ಅಭಯ ಸಾಕಾಯಿತು.

ಆಮೇಲೆ ಹುಣಸೂರಿನ ಓಡಾಟ. ಬಸ್‌ಸ್ಟ್ಯಾಂಡಿನ ಪಕ್ಕದ ಪೆಟ್ಟಿಗೆ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಚಲುವಯ್ಯ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬೆನ್ನಿನ ಮುಚ್ಚಳ ತೆಗೆದವನೇ ನಕ್ಕುಬಿಟ್ಟ. "ಇದ್ರೊಳಗೆ ಗಡಿಯಾರ ಕಮ್ಮಿ, ಮರಳು ಜಾಸ್ತಿ ಕಣ್ರೀ. ಸ್ಪ್ರಿಂಗು ತುಂಡಾಗದೆ, ಗಂಟೆ ಮುಳ್ಳು ಇಲ್ವೇ ಇಲ್ಲ. ಇಂಥದೇ ಸತ್ತೋದ್ ಗಡಿಯಾರ ಎಲ್ಲಾದ್ರೂ ಸಿಗ್ಲಿ, ಅದ್ರ ಜೀವ ಇದಕ್ಕೆ ಹಾಕುವಾ. ಬತ್ತಾ ಇರಿ."

ಷಣ್ಮುಖಪ್ಪ ಬರುತ್ತಲೇ ಇದ್ದ. ಹುಣಸೂರಿಗೆ ಹೋಗಲು ನೆಪ ಬೇಕಿತ್ತು. ನೆಪ ಕೇಳಿದರೆ ಮಾವನವರು ಕೆಲಸವನ್ನೇ ಕೊಟ್ಟುಬಿಡುತ್ತಿದ್ದರು. "ಉಣಸೂರ್‌ಗಾ? ಓಗ್ಬನ್ನಿ ಅಳಿಯಂದ್ರೆ. ಓಗೋರು ಓಗ್ತೀರಿ, ಅಂಗೇ ಒಂದು ಡಬ್ಬ ಕಡ್ಲೆಕಾಯೆಣ್ಣೆ, ಎಳ್ಡು ಮೂಟೆ ಉಪ್ಪು." ಹೀಗೆ ಸ್ವಾತಂತ್ರ್ಯ ಹುಡುಕಿ ಹೋದವನು ಪ್ರತಿಸಲವೂ ಉಪ್ಪು ಹೊತ್ತು ಬರುತ್ತಿದ್ದ. ಒಂದು ಸಲ ಸ್ಪ್ರಿಂಗು ಸಿಕ್ಕಿತ್ತು, ಅಳತೆ ಕೂಡಲಿಲ್ಲ. ಇನ್ನೊಂದು ಸಲ ಅಳತೆ ಕೂಡಿತು, ಮುಳ್ಳು ಸಿಕ್ಕಲಿಲ್ಲ. ಮಳೆಗಾಲ ಕಳೆದು, ಬ್ಯಾರನ್ ಎನ್ನುವ ಒಲೆಮನೆಗಳಲ್ಲಿ ಹೊಗೆಸೊಪ್ಪು ಬೇಯುವ ವಾಸನೆ ಊರೂರಿಗೆ ಹರಡುವ ಹೊತ್ತಿಗೆ ಚಲುವಯ್ಯ ಗಡಿಯಾರವನ್ನು ಪೆಟ್ರೋಲಿನಲ್ಲಿ ತೊಳೆದು, ಹೊಸ ಗಾಜು ಕೂರಿಸಿ, ನೀಲಿ ನಿಮಿಷದ ಮುಳ್ಳಿನ ಜೊತೆಗೆ ಯಾವುದೋ ಗಡಿಯಾರದ ಹಳದಿ ಗಂಟೆಯ ಮುಳ್ಳನ್ನು ಸೇರಿಸಿ, ಮಿರಿಮಿರಿ ತೊಗಲಿನ ಪಟ್ಟಿ ಹಾಕಿ, ಅವನ ಕಿವಿಗೆ ಹಿಡಿದ.

ಬಸ್ಸುಗಳ ಗದ್ದಲದ ನಡುವೆಯೂ ಷಣ್ಮುಖಪ್ಪನಿಗೆ ಅದು ಕೇಳಿಸಿತು. ಬಸ್ರಾದ ಮರಳಿನಲ್ಲಿ ನಿಂತಿದ್ದು ಈಗ ಹುಣಸೂರಿನ ಧೂಳಿನಲ್ಲಿ ಮತ್ತೆ ಹೊರಟಿತ್ತು. ಒಂದು ಸಣ್ಣ ಪ್ರಾಣಿ ತನ್ನನ್ನೇ ನಂಬಿ ಉಸಿರಾಡುತ್ತಿದೆ ಅನಿಸಿತು. ಆವತ್ತು ಮಾವನವರು ಹೇಳಿದ್ದ ಮೆಣಸಿನಕಾಯಿ ಮರೆತು ಬಂದ. ಮದುವೆಯಾದ ಮೇಲೆ ಅವನು ಏನನ್ನಾದರೂ ಮರೆತದ್ದು ಅದೇ ಮೊದಲು.

ಮರೆವು ಒಂದು ಸಲಕ್ಕೆ ನಿಲ್ಲುವಂಥದ್ದಲ್ಲ. ಮಾರನೆಯ ಬೆಳಿಗ್ಗೆ ಸ್ನಾನವಾದ ಮೇಲೆ, ಒಂದು ಗಳಿಗೆ ಕಟ್ಟಿ ನೋಡಿ ಬಿಚ್ಚೋಣ ಎಂದುಕೊಂಡು ಗಡಿಯಾರ ಕಟ್ಟಿಕೊಂಡ. ಅಷ್ಟರಲ್ಲಿ ಅತ್ತೆ ಗುರುಶಾಂತಮ್ಮ ಪೂಜೆಗೆ ಕರೆದರು. ಶಲ್ಯ ಹೊದ್ದು ಹೋಗಿ ಮಾವನ ಪಕ್ಕ ಕೂತ. ವಿಭೂತಿ ಧರಿಸಿದ್ದಾಯಿತು. ಎಲ್ಲರೂ ಕೊರಳ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಂಡರು. ಅವನೂ ಎಡಗೈ ಚಾಚಿದ. ಗಡಿಯಾರದ ಮುಖ ಕೆಳಗಾಗಿ, ತೊಗಲಿನ ಪಟ್ಟಿ ಬಕಲ್ ಸಮೇತ ಮೇಲೆ ಬಂತು. ಲಿಂಗಕ್ಕೂ ಅದಕ್ಕೂ ಎರಡು ಬೆರಳಿನ ಅಂತರ. ಎಲ್ಲರೂ ಕಣ್ಣುಮುಚ್ಚಿದ ಆ ಮೌನದಲ್ಲಿ ಟಿಕ್ ಟಿಕ್ ಎನ್ನುವುದು ಅಟ್ಟದ ಮೇಲೆ ಯಾರೋ ನಡೆದಾಡಿದಷ್ಟು ಜೋರಾಗಿ ಕೇಳಿತು.

ಸಿದ್ದಮಲ್ಲಪ್ಪನವರು ಪೂಜೆ ಮುಗಿಯುವ ತನಕ ತುಟಿ ಬಿಚ್ಚಲಿಲ್ಲ. ಮುಗಿದ ಮೇಲೂ ದನಿ ಏರಿಸಲಿಲ್ಲ.

"ಚೆನ್ನಾಗದೆ ಅಳಿಯಂದ್ರೆ, ಗಡಿಯಾರ. ಆದ್ರೆ ಲಿಂಗ ಹಿಡಿಯೋ ಕೈಗೆ ತೊಗಲು ಯಾಕೆ? ಎಕ್ಕಡಾನೆ ಹೊಸ್ಲಾಚೆ ಬುಡೋ ಮನೆ ನಮ್ದು. ಬಲಗೈಗೆ ಕಟ್ಕಳಿ."

ಬಲಗೈಗೆ ಕಟ್ಟಿಕೊಂಡು ತಿಂಡಿಗೆ ಕೂತ. ಅತ್ತೆ ರೊಟ್ಟಿ ಬಡಿಸುತ್ತ ನಿಂತುಬಿಟ್ಟರು. "ಉಣ್ಣೋ ಕೈಗೆ ಕಟ್ಟವ್ರಲ್ಲ!" ಮಾವನವರಿಗೂ ಹೌದೆನ್ನಿಸಿತು. ಮನುಷ್ಯನಿಗೆ ದೇವರು ಎರಡೇ ಕೈ ಕೊಟ್ಟಿದ್ದು ಆ ಮನೆಯ ಮಟ್ಟಿಗೆ ದೊಡ್ಡ ತೊಡಕಾಯಿತು. ಗಡಿಯಾರ ಕೋಟಿನ ಜೇಬು ಸೇರಿತು. ಮಾವನ ಅಳತೆಯ ಆ ಜೇಬಿನಲ್ಲಿ ಕೈ ಮೊಣಕೈವರೆಗೆ ಇಳಿಸಿ ತಡಕಿದರೂ ಅದು ಸಿಕ್ಕುತ್ತಿರಲಿಲ್ಲ.

ಅಳಿಯನ ಸಪ್ಪೆ ಮೋರೆ ನೋಡಲಾರದೆ ಗುರುಶಾಂತಮ್ಮನವರೇ ದಾರಿ ಹುಡುಕಿದರು. ಮನೆಮಂದಿಗೆಲ್ಲ ಕೊರಳಿನ ಲಿಂಗಕ್ಕೆ ಶಿವದಾರ ಹೊಸೆಯುತ್ತಿದ್ದವರು ಅವರೇ. ಬಿಳೀ ಹತ್ತಿನೂಲನ್ನು ಜಡೆಯಂತೆ ಹೆಣೆದು, ಗಡಿಯಾರದ ಎರಡು ಕಡೆಯ ತಂತಿಬಳೆಗಳಿಗೆ ಪೋಣಿಸಿ ಕಟ್ಟಿದರು. "ಈಗ ತೊಗಲಿಲ್ಲ, ಮೈಲಿಗೆ ಇಲ್ಲ. ಯಾವ ಕೈಗಾದ್ರೂ ಕಟ್ಕಳಪ್ಪ."

ಷಣ್ಮುಖಪ್ಪ ಒಂದು ಪೂರ್ತಿ ದಿನ ಅದನ್ನು ಕಟ್ಟಿಕೊಂಡು ಓಡಾಡಿದ. ತಕ್ಕಡಿ ಎತ್ತಿದಾಗಲೆಲ್ಲ ತೋಳು ಹಿಂದೆ ಸರಿಸಿದ. ಗಿರಾಕಿಗಳು ಕೇಳದಿದ್ದರೂ ಗಂಟೆ ಹೇಳಿದ.

ಮೈಲಿಗೆ ಕಳೆದ ವಸ್ತು ಮನೆಯದಾಗಿಬಿಡುತ್ತದೆ ಎನ್ನುವುದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ಮಾರನೆಯ ದಿನ ಮಾವನವರು ಗಡಿಯಾರವನ್ನು ಇಸಿದುಕೊಂಡು, ಜಾಲರಿಯ ಮೇಲೆ ಮೂರು ಬೆರಳು ವಿಭೂತಿ ಎಳೆದು, ಹೂವು ಏರಿಸಿ ಕೈಮುಗಿದರು. ಹತ್ತರಿಂದ ಎರಡರವರೆಗೆ ಗಂಟೆ ಕಾಣದಾಯಿತು.

"ಇಂಥಾ ವಸ್ತು ಕೈಲಿದ್ರೆ ಒಬ್ರಿಗೆ ಗಂಟೆ, ಅಂಗ್ಡೀಲಿದ್ರೆ ಊರಿಗೇ ಗಂಟೆ. ಬಸ್ಸಿಗೆ ಕಾಯೋರೆಲ್ಲ ನಮ್ಮ ಜಗಲಿ ಮೇಲೇ ಕೂತ್ಕತಾರೆ, ಕೂತೋರು ನಾಲ್ಕು ಕಾಸಿನ್ದು ಏನಾರ ಕೊಂಡ್ಕತಾರೆ. ಏನಂತೀರಿ ಅಳಿಯಂದ್ರೆ?"

ಏನನ್ನುವುದು? ಬೇಡ ಎನ್ನುವ ಮಾತು ಆ ಮನೆಗೆ ಬಂದಾಗಿನಿಂದ ಅವನ ನಾಲಿಗೆಯ ಮೇಲೆ ಸುಳಿದೇ ಇರಲಿಲ್ಲ. ಮಾವನವರು ಗಲ್ಲಾಪೆಟ್ಟಿಗೆಯ ಮೇಲ್ಗಡೆ ಒಂದು ಮೊಳೆ ಹೊಡೆದು ಗಡಿಯಾರವನ್ನು ನೇತುಹಾಕಿದರು. ಕೈಗಡಿಯಾರ ಗೋಡೆಗಡಿಯಾರವಾಯಿತು. ಸಂಗತಿ ಅಲ್ಲಿಗೆ ಮುಗಿದಿದ್ದರೂ ಆಗುತ್ತಿತ್ತು. ಆದರೆ ಅದು ದಿನಾ ಬೆಳಿಗ್ಗೆ ಕೀಲಿ ಕೊಡಬೇಕಾದ ಗಡಿಯಾರ. "ನನ್ ಬೆರ್ಳು ದಪ್ಪ ಕಣ್ರೀ. ನೀವು ಊರಲ್ಲಿಲ್ದಿದ್ರೆ ಗಡಿಯಾರ ನಿಂತೋಗ್ತದೆ, ಜನ ಬಸ್ಸು ತಪ್ಪುಸ್ಕತಾರೆ. ಉಣಸೂರಿನ ಸಾಮಾನಿಗೆ ಗಾಡಿಯೋನ್ನ ಕಳ್ಸಿದ್ರಾಯ್ತು" ಎಂದರು ಮಾವ. ಕಾಲವನ್ನು ಕೈಗೆ ಕಟ್ಟಿಕೊಳ್ಳಹೋದವನು ಕಾಲನ್ನೇ ಕಟ್ಟಿಸಿಕೊಂಡು ಕೂತ.

ಉಳಿದದ್ದು ಮಧ್ಯಾಹ್ನ ಒಂದೇ. ಊಟವಾದ ಮೇಲೆ ಅಂಗಡಿಯ ಅರ್ಧ ಬಾಗಿಲು ಹಾಕಿ, ಮಾವನವರು ಒಳಗಿನ ಪರದೆಯ ಹಿಂದೆ ಮಂಚದ ಮೇಲೆ ಒರಗುತ್ತಿದ್ದರು. ಗೊರಕೆ ಶುರುವಾದದ್ದೇ ಷಣ್ಮುಖಪ್ಪ ಮೊಳೆಯಿಂದ ಗಡಿಯಾರ ಇಳಿಸಿ, ಕೈಗೆ ಕಟ್ಟಿ, ಬೆಕ್ಕಿನ ಹೆಜ್ಜೆಯಲ್ಲಿ ಹೊರಬೀಳುತ್ತಿದ್ದ. ಮೈಸೂರು ರಸ್ತೆಯಲ್ಲಿ ಆಲದ ಮರಗಳ ನೆರಳು ಹಿಡಿದು ಊರಾಚೆಯ ಮೈಲಿಗಲ್ಲಿನವರೆಗೆ ನಡೆದು, ಅದರ ಮೇಲೆ ಕೂತು, ಕೈ ಮುಂದೆ ಚಾಚಿ ಗಂಟೆ ನೋಡಿಕೊಳ್ಳುತ್ತಿದ್ದ. ಯಾರಿಗೂ ಹೇಳಬೇಕಾಗಿಲ್ಲದ ಗಂಟೆ. ಆಮೇಲೆ ಹಿಂದಿರುಗುತ್ತಿದ್ದ. ಪರದೆಯ ಹಿಂದೆ ಗೊರಕೆ ಹಾಗೇ ನಡೆದಿರುತ್ತಿತ್ತು. ಕದ್ದ ಈ ಅರ್ಧ ಗಂಟೆ ಅವನ ಇಡೀ ದಿನವನ್ನು ಸಿಹಿ ಮಾಡುತ್ತಿತ್ತು.

ಒಂದು ಮಧ್ಯಾಹ್ನ ಅವನು ಹಾಗೆ ಕೂತಿದ್ದಾಗ ಕಿತ್ತಳೆ ಲಾರಿಯೊಂದು ಬಂದು ನಿಂತಿತು. ದೇವಯ್ಯ ತಲೆ ಹೊರಹಾಕಿ, "ಏನು ಮಾರಾಯ್ರೆ, ಓಡ್ತಾ ಇದೆಯಲ್ಲ! ಹತ್ತಿ, ಮೈಸೂರು ನೋಡಿ ಬರುವ. ಸಂಜೆ ಇಲ್ಲೇ ಇಳಿಸ್ತೇನೆ" ಎಂದರು.

ಷಣ್ಮುಖಪ್ಪ ಎದ್ದೇ ನಿಂತ. ಬಾಗಿಲ ಹಿಡಿಗೆ ಕೈ ಹಾಕಿದ. ಆ ಕೈಯಲ್ಲೇ ಗಡಿಯಾರ ಇತ್ತು. ಕಣ್ಣು ತಾನಾಗಿ ಅದರ ಮೇಲೆ ಹೋಯಿತು.

"ಮಾವ ಏಳೋ ಹೊತ್ತಾಯ್ತು" ಎಂದು ಕೈ ಹಿಂದಕ್ಕೆ ತೆಗೆದುಕೊಂಡ.

ದೇವಯ್ಯ ನಕ್ಕರು. "ನಮ್ಮಪ್ಪನ ಕೈಲಿ ಇದು ಬಸ್ರಾವರೆಗೆ ಹೋಗಿತ್ತು. ನಿಮ್ಮ ಕೈಲಿ ಮೈಲಿಗಲ್ಲಿನವರೆಗೆ ಬಂತು. ಆಗ್ಲಿ, ನಡೀತಾ ಇದೆಯಲ್ಲ." ಲಾರಿ ಹೊರಟಿತು. ಕಿತ್ತಳೆಯ ವಾಸನೆ ಸ್ವಲ್ಪ ಹೊತ್ತು ರಸ್ತೆಯಲ್ಲೇ ನಿಂತಿತ್ತು.

ಆವತ್ತು ಅವನು ಬಿರಬಿರನೆ ನಡೆದು, ಏದುಸಿರು ಬಿಡುತ್ತ ಅಂಗಡಿ ಸೇರಿದ. ಗೊರಕೆ ಕೇಳಿಸುತ್ತಿತ್ತು. ಸಮಾಧಾನದಿಂದ ಗಡಿಯಾರ ಬಿಚ್ಚಿ ಮೊಳೆಗೆ ಹಾಕಿದ. ಗೊರಕೆ ಥಟ್ಟನೆ ನಿಂತಿತು.

"ಬಂದ್ರಾ ಅಳಿಯಂದ್ರೆ?" ಪರದೆಯ ಹಿಂದಿನಿಂದ ಮಾವನ ದನಿ. ಅದರಲ್ಲಿ ಕೋಪದ ಸುಳಿವೂ ಇರಲಿಲ್ಲ. "ಇವತ್ತು ಸ್ವಲ್ಪ ತಡ ಆಯ್ತಲ್ಲ. ಮೈಲಿಗಲ್ಲಿನ ತಾವ ಯಾರಾರ ಸಿಕ್ಕಿದ್ರಾ?"

ಷಣ್ಮುಖಪ್ಪನ ಕೈ ಮೊಳೆಯ ಮೇಲೇ ಉಳಿಯಿತು.

"ಎದುರ್ಕಬ್ಯಾಡಿ. ನೀವು ಓಗೋದು ನಂಗೆ ಮೊದ್ಲಿಂದ್ಲೂ ಗೊತ್ತು. ವಯಸ್ಸಿನೋರು, ಒಂದಿಷ್ಟು ಗಾಳಿ ಬೇಕು ಅಲ್ವಾ? ನಾನೆದ್ದಿದ್ದೀನಿ ಅಂತ ಗೊತ್ತಾದ್ರೆ ನೀವು ಓಗಾಕಿಲ್ಲ. ಅದ್ಕೇ ನೀವು ವಾಪಸ್ ಬರೋಗಂಟ ಗೊರ್ಕೆ ಒಡೀತೀನಿ." ಸಿದ್ದಮಲ್ಲಪ್ಪನವರು ಎದ್ದು ಕೂತು ಚೊಂಬಿನ ನೀರನ್ನು ಗಟಗಟ ಕುಡಿದರು. "ಆದ್ರೂ ಅಷ್ಟೊತ್ತು ಒಡೆಯೋದು ಕಷ್ಟ ಕಣ್ರೀ, ಗಂಟ್ಲು ಒಣಗ್ತದೆ. ನಾಳೆಯಿಂದ ಬೇಗ ಬನ್ನಿ ಅಂತಲ್ಲ. ಆರಾಮಾಗಿ ಬನ್ನಿ."

ಕದ್ದದ್ದು ಎಂದುಕೊಂಡಿದ್ದೂ ಮಾವ ಕೊಡಿಸಿದ್ದೇ ಆಗಿತ್ತು. ಪಂಚೆ, ಕೋಟು, ಊಟ, ಈಗ ಅರ್ಧ ಗಂಟೆ.

ಮಾರನೆಯ ಮಧ್ಯಾಹ್ನ ಷಣ್ಮುಖಪ್ಪ ಏಳಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕೈಕಟ್ಟಿ ಕೂತ. ತಲೆಯ ಮೇಲೆ ಟಿಕ್ ಟಿಕ್, ಪರದೆಯ ಹಿಂದೆ ಗೊರಕೆ. ಎರಡೂ ಒಂದನ್ನೊಂದು ಬಿಡದೆ ಸಾಗಿದವು. ಅವನು ಹಲ್ಲು ಕಚ್ಚಿಕೊಂಡೇ ಕೂತ. ಕೊನೆಗೆ ಗೊರಕೆ ತಡವರಿಸಿತು, ಒಂದು ಕೆಮ್ಮು ಬಂತು, ಆಮೇಲೆ ಬೆಲ್ಲದಂಥ ಆ ದನಿ.

"ಅಳಿಯಂದ್ರೆ, ಹೊತ್ತಾಯ್ತಲ್ಲ. ಯಾಕೆ, ಇನ್ನೂ ಹೊರಡ್ಲಿಲ್ವಾ?"

ಷಣ್ಮುಖಪ್ಪ ಎದ್ದ. ಮೊಳೆಯಿಂದ ಗಡಿಯಾರ ಇಳಿಸಿ, ಕೈಗೆ ಕಟ್ಟಿಕೊಂಡು ಹೊರಟ.