ಪಾರವ್ವನ ಗುಳಿಗೆ ಒಲೆ, ಗೋಪೀನಾಥನ ಬಿಳಿ ಪಂಚೆ

ನಮ್ಮ ಮನೆ ಮಹಡಿ ಮೇಲಿನ ಒಂಟಿ ರೂಮಿಗೆ ಪಾರವ್ವ ಬಂದಿದ್ದು ಎರಡು ಸಾವಿರದ ಏಳನೇ ಇಸವಿ, ದೀಪಾವಳಿ ಕಳೆದ ಮೂರನೇ ದಿನ. ಮನೆ ಇರೋದು ಬೆಂಗಳೂರಿನ ಆರ್‌ಪಿಸಿ ಲೇಔಟಿನಲ್ಲಿ. ಕಟ್ಟಿಸಿದವನು ನನ್ನ ತಮ್ಮ ಗೋಪೀನಾಥ. ಒಂದು ಕಾರ್ಖಾನೆಯಲ್ಲಿ ಟೈಮ್ ಕೀಪರ್ ಆಗಿದ್ದು ರಿಟೈರ್ ಆದವನು. ಮದುವೆಯಾಗಲಿಲ್ಲ. ನಮ್ಮ ಯಜಮಾನರು ಹೋದ ಮೇಲೆ ನಾನೂ ಅವನ ಜೊತೆಗೇ ಕೆಳಗಿನ ಮನೆಯಲ್ಲಿದ್ದೀನಿ.

ಪಾರವ್ವನದು ರೋಣದ ಕಡೆ ಹಳ್ಳಿ. ಗಂಡ ಯಲ್ಲಪ್ಪ ಟೈಲ್ಸ್ ಹಾಕ್ತಾನೆ. ಆತ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಇವಳು ಜೋಳದ ರೊಟ್ಟಿ ಬಡಿದು, ವಿಜಯನಗರದಲ್ಲಿ ರೂಮು ಮಾಡಿಕೊಂಡಿರೋ ಅವರ ಕಡೆಯ ಕೆಲಸಗಾರರಿಗೆ, ಓದೋ ಮಕ್ಕಳಿಗೆ ಕೊಡೋಳು. ದಿನಕ್ಕೆ ನೂರಿಪ್ಪತ್ತು ರೊಟ್ಟಿ. ಆ ಬಡಿಯೋ ಸದ್ದಿಗೇ ಹಿಂದೆ ಎರಡು ಮನೆಯವರು ಬಿಡಿಸಿದ್ದರಂತೆ. ಅದಕ್ಕೇ ಬಂದ ದಿನ ಬಾಗಿಲಲ್ಲೇ ನಿಂತು ಹೇಳಿದಳು.

"ರೊಟ್ಟಿ ಬಡಿಯಾಕಿ ಅದೀನ್ರಿ. ನಸುಕಿನ್ಯಾಗ ಐದಕ್ಕ ಸದ್ದು ಆಗತೈತಿ. ಈಗ ಹೇಳೀನಿ, ಆಮ್ಯಾಲ ಬೈಬ್ಯಾಡ್ರಿ."

"ಐದಕ್ಕೆ ಅಂದ್ರೆ ಐದಕ್ಕೇನಾ? ಐದೂ ಹತ್ತಾಗತ್ತಾ?" ಅಂತ ಕೇಳಿದ ನನ್ನ ತಮ್ಮ.

"ಐದಕ್ಕ ಅಂದ್ರ ಐದಕ್ಕರೀ ಸಾಹೇಬ್ರ."

"ಹಂಗಾದ್ರೆ ಬನ್ನಿ. ನನ್ನ ಅಲಾರಾಂ ಗಡಿಯಾರ ಕೆಟ್ಟು ಒಂದು ತಿಂಗಳಾಯ್ತು."

ಹೀಗೆ ಬಂದು ಸೇರಿದಳು. ಪಾರವ್ವ ಕುಳ್ಳಿ, ಕೈ ಮಾತ್ರ ಅಗಲ. ಆ ಕೈಯಲ್ಲಿ ರೊಟ್ಟಿ ತಟ್ಟೋದನ್ನು ನೋಡಬೇಕು. ಒಂದೊಂದೂ ಒಂದೇ ಅಳತೆ, ಹಸಿ ರೊಟ್ಟಿ ಎತ್ತಿದರೆ ಆಚೆ ಕಡೆ ಬೆಳಕು ಕಾಣಬೇಕು. ಅವರಿಗೆ ಇಲ್ಲಿನ ರೇಷನ್ ಕಾರ್ಡ್ ಇರಲಿಲ್ಲ, ಅದಿಲ್ಲದೆ ಗ್ಯಾಸ್ ಸಿಗಲಿಲ್ಲ. ನಮ್ಮ ಕಾರ್ಡ್ ತಗೊಂಡು ಹೋಗಿ ಸೀಮೆಎಣ್ಣೆಗೆ ಗಂಟೆಗಟ್ಟಲೆ ಸಾಲಲ್ಲಿ ನಿಂತು ಬರೋಳು. ಬದನೆಕಾಯಿ ಸುಡಬೇಕಾದಾಗ ಮಾತ್ರ ಮುಖ ಸಪ್ಪಗಾಗೋದು. "ಸ್ಟೋವಿನ ಮ್ಯಾಲ ಸುಟ್ಟ್ರ ಎಣ್ಣಿ ವಾಸನಿ ಹೊಡಿತೈತ್ರಿ ಅಮ್ಮಾರ. ಬದನಿಕಾಯಿ ತಿಂದಂಗ ಆಗಂಗಿಲ್ಲ, ಲಾಟೀನು ತಿಂದಂಗ ಆಗತೈತಿ."

ಮಾರನೇ ವರ್ಷ ಆಷಾಢದಲ್ಲಿ ಸುಂಕದಕಟ್ಟೆಯ ಮಹಿಳಾ ಸಂಘದ ಮೂಲಕ ಅವಳಿಗೆ ಒಂದು ಹೊಸ ಒಲೆ ಸಿಕ್ಕಿತು. ಒಂದೂವರೆ ಗೇಣು ಎತ್ತರದ ಸ್ಟೀಲಿನ ಡಬ್ಬಿ ಅನ್ನಿ. ಪಕ್ಕದಲ್ಲಿ ಚಾರ್ಜ್ ಮಾಡೋ ಬ್ಯಾಟರಿ, ಅದರಿಂದ ತಿರುಗೋ ಪುಟ್ಟ ಫ್ಯಾನು. ಮೇಲೆ ಇಡೋಕೆ ಕಬ್ಬಿಣದ ಜಾಲರಿ. ಅದಕ್ಕೆ ಸೌದೆ ಬೇಡ. ಮರದ ಪುಡಿಯನ್ನು ಒತ್ತಿ ಮಾಡಿದ ಗುಳಿಗೆ ಹಾಕಬೇಕು, ಕಿರುಬೆರಳಿನ ದಪ್ಪ, ಒಂದು ಇಂಚು ಉದ್ದ. ಮೊದಲ ಚೀಲ ಬಂದಾಗ ಗೋಪೀನಾಥ ಒಂದು ಹಿಡಿ ತೆಗೆದು ಮೂಸಿ, "ಪಾರವ್ವಾ, ಮಹಡಿ ಮೇಲೆ ಎಮ್ಮೆ ಕಟ್ತೀಯಾ? ಇದು ದನದ ಹಿಂಡಿ ಕಣಮ್ಮ!" ಅಂದಿದ್ದ.

ಒಲೆ ಕಲಿಸೋಕೆ ಕಲಾವತಿ ಅಂತ ಸಂಘದ ಹುಡುಗಿ ಮನೆಗೇ ಬಂದಳು. ನಾನೂ ಹದಿನೇಳು ಮೆಟ್ಟಿಲು ಹತ್ತಿ ಹೋಗಿ ಕೂತೆ. ರೂಮಿನ ಒಳಗೆ ಹಚ್ಚಲೇಬಾರದು ಅಂದಳು. ಹೊರಗಡೆ ತಗಡಿನ ಚಾವಣಿ ಕೆಳಗೆ, ಮೂರು ಕಡೆ ಗಾಳಿಯಾಡೋ ಜಾಗದಲ್ಲಿ, ಅಲ್ಲಾಡದ ಹಾಗೆ ಕಲ್ಲಿನ ಮೇಲೆ ಇಡಿಸಿದಳು.

"ಹಚ್ಚೋ ಮುಂಚೆ ನಿನ್ನೆ ಬೂದಿ ಪೂರ್ತಿ ತೆಗೀಬೇಕು ಆಂಟಿ. ಗುಳಿಗೆ ಈ ಗೆರೆ ತನಕ, ಒಂದು ಬೆರಳೂ ಮೇಲೆ ಬೇಡ. ಬೆಂಕಿ ಮೇಲಿಂದ ಹಚ್ಚಿ. ಉರಿಯುವಾಗ ಮೇಲೆ ಗುಳಿಗೆ ಸುರೀಬೇಡಿ. ಮುಗಿದ ಮೇಲೂ ಕೆಂಡ ಆರೋವರೆಗೆ ಫ್ಯಾನು ತಿರುಗ್ತಾ ಇರ್ಲಿ. ನೀರು ಮಾತ್ರ ಹೊಯ್ಯಲೇಬೇಡಿ."

"ಗುಳಿಗಿ ತೊಯ್ದ್ರ?"

"ಉಬ್ಬಿ ಪುಡಿ ಆಗೋಗತ್ತೆ. ಡಬ್ಬದಲ್ಲಿ ಮುಚ್ಚಿಡಿ. ಪಕ್ಕದಲ್ಲಿ ಒಂದು ಬಕೆಟ್ ಮರಳು ಇರ್ಲಿ. ಹೊಗೆ ವಿಪರೀತ ಆದ್ರೆ ಮಾತ್ರ ಫ್ಯಾನು ನಿಲ್ಲಿಸಿ ಈ ಮುಚ್ಚಳ ಮುಚ್ಚಿಬಿಡಿ."

ಪಾರವ್ವ ಎಲ್ಲವನ್ನೂ ಎರಡೆರಡು ಸಲ ಹೇಳಿ ಒಪ್ಪಿಸಿದಳು. ಅವತ್ತಿನಿಂದ ಮೂರು ವಾರ ಒಂದು ದಿನವೂ ತಪ್ಪಲಿಲ್ಲ. ಮೊದಲೆರಡು ನಿಮಿಷ ಸ್ವಲ್ಪ ಹೊಗೆ, ಆಮೇಲೆ ಗ್ಯಾಸಿನ ಹಾಗೆ ಉರಿ. ಜಾಲರಿ ಮೇಲೆ ಬದನೆಕಾಯಿ ಸುಟ್ಟು, ಹಸಿಮೆಣಸು ಬೆಳ್ಳುಳ್ಳಿ ಕುಟ್ಟಿ ಹಾಕಿ ಕಲಸಿ ನನಗೊಂದು ಬಟ್ಟಲು ತಂದಿಟ್ಟಳು. ನನಗೆ ಹಲ್ಲಿಲ್ಲ, ಅದಕ್ಕೆ ಹಲ್ಲು ಬೇಕಾಗೂ ಇಲ್ಲ.

ಶ್ರಾವಣ ಬಂತು. ನಾಗರಪಂಚಮಿಗೆ ಮುಂಚೆ ಅವರ ಕಡೆ ರೊಟ್ಟಿ ಹಬ್ಬ ಅಂತ ಮಾಡ್ತಾರೆ. ಬಗೆಬಗೆ ರೊಟ್ಟಿ, ಪಲ್ಯ ಮಾಡಿ ಓಣಿಯವರಿಗೆಲ್ಲ ಬೀರೋದು. ಆಮೇಲೆ ಎರಡು ದಿನ ಒಲೆ ಮೇಲೆ ಹೆಂಚು ಇಡೋ ಹಾಗಿಲ್ಲ. ಆ ಸಲ ರೊಟ್ಟಿ ಹಬ್ಬ ಸೋಮವಾರ ಬಿತ್ತು. ಬೆಳಿಗ್ಗೆ ಏಳಕ್ಕೆ ಗೋಪೀನಾಥ ತನ್ನ ಬಿಳಿ ಪಂಚೆಗಳನ್ನು ಗಂಜಿ ಹಾಕಿ ಮಹಡಿ ಮೇಲೆ ಹರವಿ ಬಂದ. ಅವನಿಗೆ ಇರೋ ಶೋಕಿ ಅದೊಂದೇ. ಐದು ಪಂಚೆ, ಐದಕ್ಕೂ ಒಂದೇ ಅಂಚು. ಪಾರವ್ವ ತಲೆಗೆ ಸ್ನಾನ ಮಾಡಿ ಎಂಟಕ್ಕೆ ಒಲೆ ಹಚ್ಚಿದಳು.

ಕೆಳಗೆ ಹೂವು ಬಿಡಿಸ್ತಿದ್ದ ನನಗೆ ಮೊದಲು ವಾಸನೆ ಬಂತು, ಆಮೇಲೆ ಕೂಗು. ಹತ್ತಿ ಹೋದರೆ ಮಹಡಿಯೇ ಕಾಣದಷ್ಟು ಹಳದಿ ಹೊಗೆ. ಗೋಪೀನಾಥ ಮೂಗಿಗೆ ಟವೆಲ್ ಹಿಡಿದು ಇನ್ನೊಂದು ಕೈಯಲ್ಲಿ ನೀರಿನ ಬಕೆಟ್ ಎತ್ತಿದ್ದ.

"ನೀರು ಬ್ಯಾಡ್ರಿ ಸಾಹೇಬ್ರ! ನೀರು ಬ್ಯಾಡಂದ್ರ ಬ್ಯಾಡ!" ಅಂತ ಪಾರವ್ವ ಅಡ್ಡ ನಿಂತಳು. ಫ್ಯಾನು ನಿಲ್ಲಿಸಿ, ಇಕ್ಕಳದಲ್ಲಿ ಮುಚ್ಚಳ ಹಿಡಿದು ಒಲೆ ಬಾಯಿಗೆ ಇಟ್ಟಳು. ಎಲ್ಲರನ್ನೂ ಗಾಳಿ ಬರೋ ಕಡೆಗೆ ಸರಿಸಿದಳು. ಒಲೆ ತಣ್ಣಗಾಗೋಕೆ ಒಂದು ಗಂಟೆ ಆಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಐದೂ ಪಂಚೆ ಹಳೇ ಕಾಫಿ ಸೋಸೋ ಬಟ್ಟೆ ಹಾಗಾಗಿತ್ತು.

ಗೋಪೀನಾಥ ಕೂಗಾಡಲಿಲ್ಲ. ಅವನಿಗೆ ಕೋಪ ಬಂದರೆ ಬಹುವಚನ ಬರುತ್ತೆ. "ನೋಡಿ ಪಾರವ್ವನವರೇ. ಸದ್ದು ನಾನು ಒಪ್ಪಿದ್ದು. ಹೊಗೆ ಒಪ್ಪಿಲ್ಲ. ಅಕ್ಕಪಕ್ಕದವರು ಈಗಾಗಲೇ ಮೂರು ಜನ ಬಾಗಿಲು ತಟ್ಟಿದ್ದಾರೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ ನಾನು ಬಂದು ಕೂತ್ಕೋತೀನಿ, ಒಲೆ ಹಚ್ಚಿ. ಹೊಗೆ ಬಂದ್ರೆ ತಿಂಗಳ ಕೊನೆಗೆ ರೂಮು ಖಾಲಿ ಮಾಡಿ."

ಅವನು ಇಳಿದು ಹೋದ ಮೇಲೆ ಪಾರವ್ವ ನನ್ನ ಹತ್ತಿರ, "ಮೂರನೇ ಮನಿರೀ ಅಮ್ಮಾರ. ಇನ್ನ ಬೆಂಗಳೂರಾಗ ಐದಕ್ಕ ರೊಟ್ಟಿ ಬಡಿಯಂತ ಹೇಳಾವ್ರು ಯಾರ ಸಿಗತಾರ?" ಅಂದಳು. ಅಷ್ಟೇ. ಅತ್ತಿದ್ದು ನಾನು ನೋಡಲಿಲ್ಲ.

ಹೆಂಚು ಇಡದ ಎರಡು ದಿನ ಒಲೆ ಸುಮ್ಮನಿತ್ತು. ಗುರುವಾರ ಅವಳ ಹಳೇ ಸೀಮೆಎಣ್ಣೆ ಸ್ಟೋವಿನಲ್ಲಿ, ತಳದಲ್ಲಿ ಉಳಿದಿದ್ದ ಎಣ್ಣೆಗೆ ನಲವತ್ತು ರೊಟ್ಟಿ ಆಯಿತು, ಉಳಿದವರಿಗೆ ಇಲ್ಲ ಅಂದಳು. ಕಲಾವತಿ ಊರಲ್ಲಿರಲಿಲ್ಲ. ಶುಕ್ರವಾರ ಮಧ್ಯಾಹ್ನ ನಾವಿಬ್ಬರೇ ಒಲೆ ಮುಂದೆ ಕೂತೆವು. ನಾನು ಒಂದೊಂದಾಗಿ ಕೇಳ್ತಾ ಹೋದೆ. ಬೂದಿ ತೆಗೆದಿದ್ಯಾ? ತಗದಿದ್ನಿ. ಗುಳಿಗೆ ಗೆರೆ ದಾಟಿತ್ತಾ? ಇಲ್ಲ. ಒದ್ದೆಯಾಗಿತ್ತಾ? ಒಂದು ಗುಳಿಗೆ ತೆಗೆದು ಮುರಿದು ತೋರಿಸಿದಳು, ಟಕ್ ಅಂತ ಮುರೀತು. ಫ್ಯಾನು ಹಾಕಿದಳು, ಗುಂಯ್ ಅಂತ ತಿರುಗಿತು. ಎಲ್ಲ ಸರಿ ಇದೆ, ಹೊಗೆ ಯಾಕೆ?

ಆಗ ಪಾರವ್ವ ಎದ್ದು ಹೋಗಿ, ಹಿಟ್ಟು ಜರಡಿ ಹಿಡಿದಾಗ ಮೇಲೆ ಉಳಿಯುತ್ತಲ್ಲ, ಆ ಜೋಳದ ತವುಡು ಒಂದು ಚಿಟಿಕೆ ತಂದಳು. ಬೆಂಕಿಯಿಲ್ಲದ ಒಲೆಯ ಫ್ಯಾನು ತಿರುಗ್ತಾ ಇತ್ತು. ಒಲೆ ಬಾಯಿಯ ಒಳಗಡೆ, ಅಂಚಿನಿಂದ ಎರಡು ಬೆರಳು ಕೆಳಗೆ, ಸುತ್ತಲೂ ಸಣ್ಣ ತೂತಿನ ಸಾಲು. ಅದರ ಎದುರು ತವುಡು ಬಿಟ್ಟಳು.

"ಕಣದಾಗ ಜೋಳ ತೂರಿದಾಕಿ ನಾ. ಗಾಳಿ ಇದ್ದ್ರ ಇದು ಹಾರಬೇಕ್ರಿ."

ತವುಡು ನೆಟ್ಟಗೆ ಕೆಳಗೆ ಬಿತ್ತು.

ಬಗ್ಗಿ ನೋಡಿ ಹಣೆ ಹೊಡೆದುಕೊಂಡಳು. "ಅಯ್ಯ ಶಿವನ! ನಾನ ಮಾಡೀನ್ರಿ!"

ಆಗಿದ್ದು ಇಷ್ಟು. ಹಬ್ಬ ಅಂದರೆ ಒಲೆ ಸಾರಿಸಬೇಕು. ಅವಳ ತಾಯಿ ಸಾರಿಸಿದ್ದು, ಅಜ್ಜಿ ಸಾರಿಸಿದ್ದು. ಹಬ್ಬದ ಹಿಂದಿನ ದಿನ ಸಂಜೆ ಈ ಸ್ಟೀಲಿನ ಒಲೆಗೂ ಕೆಮ್ಮಣ್ಣು ಕಲಸಿ, ಫ್ಯಾನಿನ ಡಬ್ಬಿಗೆ ಜೋಪಾನವಾಗಿ ಪ್ಲಾಸ್ಟಿಕ್ ಕಟ್ಟಿ, ಬಾಯಿ ಅಂಚಿಗೆಲ್ಲ ದಪ್ಪಗೆ ಬಳಿದು, ಐದೆಳೆ ರಂಗೋಲಿ ಎಳೆದಿದ್ದಳು. ಮಣ್ಣು ಒಳಗಿಳಿದು ಒಂದೊಂದು ತೂತಿನಲ್ಲೂ ಕೂತು ಒಣಗಿತ್ತು. ಹೊಗೆಯನ್ನು ಸುಟ್ಟುಹಾಕೋ ಗಾಳಿ ಬರೋದೇ ಆ ತೂತುಗಳಿಂದ.

"ಪೂಜೆ ಮಾಡಿ ಒಲೆಗೆ ಉಸಿರು ಕಟ್ಟಿಸಿದ್ಯಲ್ಲೇ" ಅಂದೆ. ಇಬ್ಬರಿಗೂ ನಗು ತಡೆಯೋಕಾಗಲಿಲ್ಲ. ಬ್ಯಾಟರಿ ಬಿಚ್ಚಿಟ್ಟು, ಒಂದೊಂದು ತೂತನ್ನೂ ಪಿನ್ನಿನಲ್ಲಿ ಕೆದಕಿ ಒಣ ಬಟ್ಟೆಯಲ್ಲಿ ಒರೆಸಿದಳು. ನಾನು ಎಣಿಸಿದೆ, ಮೂವತ್ತಾರು ತೂತು. ಮತ್ತೆ ತವುಡು ಬಿಟ್ಟಾಗ ಹಾರಿ ನನ್ನ ಕನ್ನಡಕದ ಮೇಲೆ ಕೂತಿತು. ಕೆಮ್ಮಣ್ಣು, ರಂಗೋಲಿ ಇನ್ನು ಮುಂದೆ ಒಲೆ ಸುತ್ತ ನೆಲಕ್ಕೆ ಮಾತ್ರ ಅಂತ ಅವಳೇ ತೀರ್ಮಾನ ಮಾಡಿದಳು.

ಭಾನುವಾರ ಎಂಟಕ್ಕೆ ಐದು ನಿಮಿಷ ಇರುವಾಗಲೇ ಗೋಪೀನಾಥ ಕುರ್ಚಿ ಎತ್ತಿಕೊಂಡು ಮೇಲೆ ಬಂದ. ಕೈಗಡಿಯಾರ ಬಿಚ್ಚಿ ಮಂಡಿ ಮೇಲಿಟ್ಟುಕೊಂಡ. ಐದರಲ್ಲಿ ಒಂದು ಪಂಚೆಯನ್ನು ನಾನು ನಾಲ್ಕು ಸಲ ಸೋಪು ಹಾಕಿ ಬಿಳಿ ಮಾಡಿದ್ದೆ. ಅದನ್ನೇ ತಂದು, ಒಲೆಯಿಂದ ಗಾಳಿ ಬೀಸಿ ಹೋಗೋ ಕಡೆಗೇ ಹಗ್ಗಕ್ಕೆ ಹಾಕಿದ.

"ಇದಕ್ಕೆ ಹೊಗೆ ವಾಸನೆ ಬರಬಾರದು. ಬಂದ್ರೆ ಮುಗೀತು."

"ಅಷ್ಟ ಸಮೀಪ ಬ್ಯಾಡ್ರಿ" ಅಂದಳು ಪಾರವ್ವ.

"ಯಾಕೆ? ಭಯಾನಾ?"

"ಬೆಂಕಿ ಹತ್ತಿರ ಬಟ್ಟಿ ಇರಂಗಿಲ್ಲರಿ. ಎರಡು ಮಾರು ಆಚಿ ಹಾಕ್ರಿ." ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಚಾಚಿ ತಾನೇ ಅಳೆದು ಪಂಚೆ ಸರಿಸಿದಳು. ಆಮೇಲೆ ಅವನ ಕಡೆ ತಿರುಗಿ, "ನೀವೂ ಹಿಂದಕ್ಕ ಸರೀರಿ. ಉಟ್ಟ ಪಂಚಿ ಹಾರಾಡಾಕತ್ತೈತಿ. ಎತ್ತಿ ಕಟ್ರಿ."

ಕಾರ್ಖಾನೆಯಲ್ಲಿ ಎಂಟುನೂರು ಜನರನ್ನು ಸಾಲಲ್ಲಿ ನಿಲ್ಲಿಸಿದವನು ಎದ್ದು ಪಂಚೆ ಎತ್ತಿ ಕಟ್ಟಿದ. ಕುರ್ಚಿಯನ್ನೂ ಹಿಂದಕ್ಕೆ ಎಳೆದುಕೊಂಡ.

ಬೂದಿ ಬಟ್ಟಲು ಖಾಲಿ ಇದೆ ಅಂತ ಬಗ್ಗಿಸಿ ತೋರಿಸಿದಳು. ಗುಳಿಗೆ ಗೆರೆ ತನಕ. ಮೇಲೆ ನಾಲ್ಕು ಚೂರು ಒಣ ಚಕ್ಕೆ, ಒಂದು ಕರ್ಪೂರ. ಕಡ್ಡಿ ಗೀರಿದಳು. ಫ್ಯಾನು ಮೆಲ್ಲಗೆ. ಹೊಗೆ ಎದ್ದಿತು. ಗೋಪೀನಾಥ ಕುರ್ಚಿಯ ಅಂಚಿಗೆ ಬಂದ.

"ಹೊಗೆ!"

"ಎರಡು ನಿಮಿಷ ತಡೀರಿ."

"ಒಂದು ನಿಮಿಷ ಆಯ್ತು."

"ಇನ್ನೊಂದೈತಿ."

ನಾನು ಕಣ್ಣು ಮುಚ್ಚಿಕೊಂಡೆ. ಯಲ್ಲಪ್ಪ ರೂಮಿನ ಬಾಗಿಲಲ್ಲಿ ನಿಂತವನು ಒಳಗೇ ಹೋಗಿಬಿಟ್ಟ. ಕಣ್ಣು ಬಿಟ್ಟಾಗ ಹೊಗೆ ಇಲ್ಲ. ತೂತುಗಳ ಸಾಲಿನಿಂದ ಉರಿ ಸುತ್ತಲೂ ಹೂವಿನ ಎಸಳಿನ ಹಾಗೆ ಒಳಕ್ಕೆ ಬಾಗಿತ್ತು. ಹೆಂಚು ಇಟ್ಟು ರೊಟ್ಟಿ ಹಾಕಿದಳು. ಹದಿನೆಂಟು ರೊಟ್ಟಿ ಆಯಿತು. ಹೆಂಚು ಇಳಿಸಿ ಜಾಲರಿ ಇಟ್ಟು ಎಣ್ಣೆ ಸವರಿದ ಬದನೆಕಾಯಿ ಇಟ್ಟಳು. ಎಣ್ಣೆ ತೊಟ್ಟಿಕ್ಕಿ ಉರಿ ಭಗ್ ಅಂದಾಗ ಊದಲಿಲ್ಲ, ಗಾಬರಿಯಾಗಲಿಲ್ಲ, ಇಕ್ಕಳದಲ್ಲಿ ಜಾಲರಿಯನ್ನೇ ಎತ್ತಿ ಪಕ್ಕಕ್ಕೆ ಹಿಡಿದು, ಉರಿ ತಗ್ಗಿದ ಮೇಲೆ ಇಟ್ಟಳು. ಕೊನೆ ಬದನೆಕಾಯಿ ಅರ್ಧ ಬೆಂದಾಗ ಉರಿ ಸಣ್ಣದಾಯಿತು.

"ಇನ್ನೊಂದು ಹಿಡಿ ಗುಳಿಗೆ ಹಾಕು, ಬೇಯತ್ತೆ" ಅಂದ ಗೋಪೀನಾಥ. ಬಹುವಚನ ಹೋಗಿತ್ತು.

"ಉರಿಯಾಗ ಹಾಕಂಗಿಲ್ಲರಿ. ಅರ್ಧ ಬೆಂದಿದ್ದು ಅರ್ಧನ ಇರಲಿ."

ಕೆಂಡ ಪೂರ್ತಿ ಬೂದಿಯಾಗೋವರೆಗೆ ಫ್ಯಾನು ಬಿಟ್ಟಳು. ಆಗ ನನ್ನ ತಮ್ಮ ಎದ್ದು ಹೋಗಿ ಹಗ್ಗದ ಮೇಲಿನ ಪಂಚೆಯನ್ನು ಈ ತುದಿಯಿಂದ ಆ ತುದಿವರೆಗೆ ಮೂಸಿದ. ತಿರುಗಿಸಿ ಇನ್ನೊಂದು ಸಲ ಮೂಸಿದ. ಪಾರವ್ವ ಇಕ್ಕಳ ಹಿಡಿದೇ ನಿಂತಿದ್ದಳು.

"ಹೊಗೆ ವಾಸನೆ ಇಲ್ಲ" ಅಂದ. "ಆದ್ರೆ ಸುಟ್ಟ ಬದನೆಕಾಯಿ ವಾಸನೆ ಇದೆ."

"ಬದನೆಕಾಯಿ ವಾಸನೆಗೆ ಮನೆ ಬಿಡಿಸ್ತೀಯೇನೋ?" ಅಂದೆ ನಾನು.

"ಹಂಗೆ ಯಾರು ಹೇಳಿದ್ರು? ಇರೋದನ್ನ ಹೇಳಿದೆ. ರೂಮು ಖಾಲಿ ಮಾಡೋ ವಿಷಯ ಇಲ್ಲಿಗೆ ಬಿಟ್ಟುಬಿಡೋಣ." ಕುರ್ಚಿ ಮಡಿಚಿ, ಗಡಿಯಾರ ಕಟ್ಟಿಕೊಂಡು, ಎರಡು ಮೆಟ್ಟಿಲು ಇಳಿದು ಮತ್ತೆ ತಲೆ ಎತ್ತಿದ. "ನಾಳೆ ಐದಕ್ಕೆ ತಾನೇ?"

"ಐದಕ್ಕ ಅಂದ್ರ ಐದಕ್ಕರೀ!"

ಪಾರವ್ವ ಖುಷಿಯಲ್ಲಿ ನಾಳೆಗೆ ಹಿಟ್ಟು ಜರಡಿ ಹಿಡಿಯೋಣ ಅಂತ ರೂಮಿನ ಒಳಗೆ ಹೋದಳು. ಮರುಕ್ಷಣ ಅವಳ ಗಂಟಲು ಬೀದಿ ತನಕ ಕೇಳಿಸಿತು. ಯಲ್ಲಪ್ಪ ಹೊಗೆ ಎದ್ದ ಆ ಎರಡು ನಿಮಿಷದಲ್ಲೇ ಆಸೆ ಬಿಟ್ಟು, ಒಳಗೆ ಕೂತು ಪಾತ್ರೆ, ಜರಡಿ, ಹಾಸಿಗೆ ಎಲ್ಲವನ್ನೂ ಚೀಲಗಳಿಗೆ ತುಂಬಿ ಬಿಗಿಯಾಗಿ ಹೊಲಿದುಬಿಟ್ಟಿದ್ದ.

"ನಾ ಅಲ್ಲೆ ಬೆಂಕಿ ಮುಂದ ಕುಂತೀನಿ, ನೀವಿಲ್ಲೆ ಗಂಟು ಕಟ್ಟಾಕತ್ತೀರಿ? ಜರಡಿ ಯಾವ ಚೀಲದಾಗೈತಿ?"

"ಗೊತ್ತಿಲ್ಲ" ಅಂದ ಯಲ್ಲಪ್ಪ.

ನಾನು ಕೆಳಗಿಂದ ಕತ್ತರಿ ತಂದುಕೊಟ್ಟೆ. ಆರು ಚೀಲ ಇತ್ತು. ಜರಡಿ ಸಿಕ್ಕಿದ್ದು ಆರನೇದರಲ್ಲಿ.