ವಸ್ತ್ರದ ಕೆಳಗಿನ ಕೈ

ಇದನ್ನು ಹೇಳಬೇಕೆಂದು ಹೊರಟು ಹಿಂದೆ ಸರಿದದ್ದು ಒಂದೆರಡು ಸಲವಲ್ಲ. ಒಮ್ಮೆ ಕೆಮ್ಮು ಬಂದಿತು, ಒಮ್ಮೆ ಚಹ ಬಂದಿತು. ನನ್ನಲ್ಲಿ ನೆಪಗಳಿಗೆ ಎಂದೂ ಬರಗಾಲವಿಲ್ಲ. ಮೊನ್ನೆ ಬ್ಯಾಡಗಿಯಿಂದ ಹಾವೇರಿಗೆ ಬರುವಾಗ ಬಸ್ಸಿನಲ್ಲಿ ಯಾರೋ ಮೆಣಸಿನಕಾಯಿ ಚೀಲ ಇಟ್ಟಿದ್ದರು. ಬಸ್ಸಿಗೆ ಬಸ್ಸೇ ಸೀನತೊಡಗಿತು. ಮೂಗಿಗೆ ಒತ್ತಿಕೊಂಡಿದ್ದ ಹೆಗಲ ವಸ್ತ್ರವನ್ನು ಆಮೇಲೆ ತೊಡೆಯ ಮೇಲೆ ಹರವಿದೆ. ನನ್ನ ಕೈ ತಾನಾಗಿ ಅದರ ಕೆಳಗೆ ಸೇರಿಕೊಂಡಿತು. ಇನ್ನು ಮುಂದೂಡಬಾರದು ಅನಿಸಿತು.

ನೀವು ಈಗಿನ ಮಾರುಕಟ್ಟೆ ಕಂಡವರು. ಹಿಂದೆ ಬ್ಯಾಡಗಿಯಲ್ಲಿ ದರವನ್ನು ಬಾಯಿಂದ ಹೇಳುತ್ತಿರಲಿಲ್ಲ. ದಲಾಲಿಯೂ ಖರೀದಿದಾರನೂ ಕೈ ಹಿಡಿದುಕೊಂಡು, ಮೇಲೆ ವಸ್ತ್ರ ಮುಚ್ಚಿ, ಬೆರಳು ಒತ್ತಿ ದರ ಮುಗಿಸುತ್ತಿದ್ದರು. ಮಾಲು ಬೆಳೆದವನು ಪಕ್ಕದಲ್ಲಿ ನಿಂತು ಅವರ ಮುಖ ನೋಡಬೇಕು, ಅಷ್ಟೆ. ಮೂವತ್ತರ ದಶಕದಲ್ಲಿ ಜಗತ್ತಿನಲ್ಲೆಲ್ಲ ದರ ಬಿದ್ದಾಗ ಇಲ್ಲಿಯೂ ಬಿದ್ದಿತು. ಎಷ್ಟು ಬಿದ್ದಿದೆ ಎಂಬುದು ಮಾತ್ರ ವಸ್ತ್ರದ ಕೆಳಗೇ ಉಳಿಯಿತು. ಆಗ ಹಲಗೇರಿಯ ಫಕೀರಪ್ಪನವರು, ಕರ ಕೊಡಬೇಡಿರೆಂದು ಊರೂರು ಸಾರಿ ಜೈಲಿಗೆ ಹೋಗಿ ಬಂದವರು, ಪೇಟೆಯ ನಡುವೆ ಒಬ್ಬ ದಲಾಲಿಯ ವಸ್ತ್ರ ಕಿತ್ತು ಕೊಡವಿದರಂತೆ. "ದರಾ ಬಾಯಿಲೆ ಒದರ್ರಿ! ಬೆಳೆದಾವಗೂ ಕಿವಿ ಅದಾವು!"

ಅಂದಿನಿಂದ ಅವರು ನಾಯಕರು. ಲೋಕಲ್ ಬೋರ್ಡಿಗೆ ಆರಿಸಿ ಬಂದರು. ಸೈಕಲ್ಲಿನ ಮೇಲೆ ಕರ್ಜಗಿ, ಕಾಗಿನೆಲೆ ಸುತ್ತಿ ಬಾವಿ ತೋಡಿಸಿದರು, ಶಾಲೆ ತೆರೆಸಿದರು. ಅಂಥ ಒಂದು ಶಾಲೆಯಲ್ಲೇ ನಾನು ಅಕ್ಷರ ಕಲಿತದ್ದು. ಮುಂದೆ ಮ್ಯಾಟ್ರಿಕ್ ಪಾಸಾದೆನೆಂದು ಊರಿನವರು ನನ್ನನ್ನು ಪಂಡಿತನೆಂದರು, ನಾನೂ ಹೌದೆಂದುಕೊಂಡೆ. ಬ್ಯಾಡಗಿಯ ಸಾಹುಕಾರರೊಬ್ಬರ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ದಿವಾನಜಿಯಾದೆ.

ಸ್ವಾತಂತ್ರ್ಯ ಬಂದ ಮೇಲಿನ ಒಂದು ಚುನಾವಣೆ. ಫಕೀರಪ್ಪನವರು ಶಾಸನಸಭೆಗೆ ನಿಂತಿದ್ದರು. ನಮ್ಮ ಸಾಹುಕಾರರು ಎದುರು ಪಕ್ಷ. ಚಳಿಗಾಲದ ಒಂದು ಮುಂಜಾನೆ ರಾಣೆಬೆನ್ನೂರಿನ ಹತ್ತಿ ವ್ಯಾಪಾರಿಯೊಬ್ಬರ ಕಟ್ಟೆಯ ಮೇಲೆ ನಾನು ಕಂಡದ್ದು ಇಷ್ಟು: ಫಕೀರಪ್ಪನವರೂ ಆ ವ್ಯಾಪಾರಿಯೂ ಎದುರುಬದುರು ಕುಳಿತಿದ್ದಾರೆ, ಇಬ್ಬರ ಕೈಗಳ ಮೇಲೆ ವಸ್ತ್ರವಿದೆ. ಪೇಟೆಯಲ್ಲಿ ಪಳಗಿದ ಕಣ್ಣಿಗೆ ಅದಕ್ಕೆ ಒಂದೇ ಅರ್ಥ, ದರ ನಡೆದಿದೆ. ಅಂಗಡಿಗೆ ಬಂದು ಹೇಳಿದೆ.

"ಖರೇನ, ದಿವಾನಜಿ?" ಸಾಹುಕಾರರ ಮುಖ ಅರಳಿತು. "ವಸ್ತ್ರ ಕಿತ್ತಾವ ತಾನ ವಸ್ತ್ರ ಹೊಚ್ಚಿಕೊಂಡು ಕುಂತಿದ್ನಾ? ಬರ್ರಿ, ಕುಂದ್ರಿ, ಚಹಾ ಕುಡೀರಿ. ಇನ್ನೊಮ್ಮೆ ಹೇಳ್ರಿ, ಎಲ್ಲಾರ ಮುಂದ."

ಅದುವರೆಗೆ ನನ್ನನ್ನು "ಬಾರೋ" ಎನ್ನುತ್ತಿದ್ದವರು. ಆ "ಬರ್ರಿ" ನನ್ನ ತಲೆಗೇರಿತು. ಇನ್ನೊಮ್ಮೆ ಹೇಳಿದೆ, ಮತ್ತೊಮ್ಮೆ ಹೇಳಿದೆ. ಹೇಳಿದಂತೆಲ್ಲ ಆ ವಸ್ತ್ರ ತುಸು ದೊಡ್ಡದಾಯಿತು. ಕೆಲವೇ ದಿನಗಳಲ್ಲಿ ಚಹದಂಗಡಿಗಳಲ್ಲಿ "ಫಕೀರಪ್ಪ ಎಷ್ಟಕ್ಕ ಮಾರಿಕೊಂಡಾನ?" ಎಂಬುದೇ ನಗೆಯಾಯಿತು.

ಒಂದು ಸಂಜೆ ಫಕೀರಪ್ಪನವರ ಹೆಂಡತಿ ನನ್ನ ಬಾಗಿಲಿಗೆ ಬಂದರು. ಕುಳಿತುಕೊಳ್ಳಲಿಲ್ಲ.

"ತಮ್ಮಾ, ನೀ ಕಂಡಿದ್ದು ಸುಳ್ಳಲ್ಲ. ಆದ್ರ ಅದು ವ್ಯಾಪಾರ ಅಲ್ಲಪಾ. ಜೈಲಿನ್ಯಾಗ ಬೀಸಾಕ ಹಚ್ಚಿದಾಗ ಕಲ್ಲಿಗೆ ಸಿಕ್ಕು ಅವರ ಕೈಬಟ್ಟು ಜಜ್ಜಿ ಹೋಗ್ಯಾವು. ಥಂಡ್ಯಾಗ ಸೆಟಗೋತಾವು. ಆ ವ್ಯಾಪಾರಿ ಅವರ ಗೆಳ್ಯಾ, ಮಂದಿಗೆ ಕಾಣದಂಗ ವಸ್ತ್ರ ಹೊಚ್ಚಿ ಎಣ್ಣಿ ತಿಕ್ಕಾಕತ್ತಿದ್ದ."

"ಹಂಗಾರ ಅವರು ಮಂದಿಗೆ ಕೈ ತೋರಿಸಬಾರದನ್ರಿ, ಅವ್ವಾರ?"

"ಜೈಲಿನ ಗಾಯಾ ತೋರಿಸಿ ಓಟು ಬೇಡಂಗಿಲ್ಲ ಅಂತಾರ. ಹಟಾ! ಅದಕ್ಕ ನಿನ್ನ ಕೇಳಾಕ ಬಂದೇನಿ. ಹೇಳಿದಾವ ನೀನ, ತಿದ್ದಾವನೂ ನೀನ ಆಗು."

"ನಾಳೆ ಎಲ್ಲಾರಿಗೂ ಹೇಳ್ತೇನ್ರಿ" ಎಂದೆ. ಅವರು ನಂಬಿದರು. "ನಿನಗ ಒಳ್ಳೇದಾಗ್ಲೆಪಾ" ಎಂದು ಹೋದರು.

ಮರುದಿನ ಅಂಗಡಿಯಲ್ಲಿ ಸಾಹುಕಾರರು "ಬರ್ರಿ ದಿವಾನಜಿ" ಎಂದು ಕರೆದರು. ಹೋಗಿ ಕುಳಿತು ಚಹ ಕುಡಿದೆ.

ಫಕೀರಪ್ಪನವರು ಸೋತರು, ಮತ್ತೆ ಯಾವ ಚುನಾವಣೆಗೂ ನಿಲ್ಲಲಿಲ್ಲ. ವರ್ಷಗಳ ನಂತರ ಹಲಗೇರಿಗೆ ಹೋಗಿ ಅವರ ಕಾಲು ಹಿಡಿದೆ. ಅವರು ನಕ್ಕರು. "ಏಳೋ. ಮಂದಿಗೆ ವಸ್ತ್ರ ತಗೀರಿ ಅಂದಾವ, ನನ್ನ ಕೈ ನಾನ ಮುಚ್ಚಿಕೊಂಡ್ನಿ. ತಪ್ಪಿನ್ಯಾಗ ನಂದೂ ಪಾಲೈತಿ." ಅಷ್ಟರಲ್ಲಿ ಅವರ ಹೆಂಡತಿ ತಾಟು ತಂದಿಟ್ಟರು. "ರೊಟ್ಟಿ ತಿಂದು ಹೋಗಪಾ, ಬಿಸಿ ಅದಾವು." ತಿಂದೆ, ತಲೆ ಎತ್ತದೆ. ನಂಬಿ ನನ್ನ ಬಾಗಿಲಿಗೆ ಬಂದಿದ್ದವರಿಗೆ ತಪ್ಪಾಯಿತೆಂದು ಹೇಳದೆಯೇ ಎದ್ದು ಬಂದೆ. ಈಗ ಅವರಿಬ್ಬರೂ ಇಲ್ಲ.

ಬರುವ ತಿಂಗಳು ರಾಣೆಬೆನ್ನೂರಿನಲ್ಲಿ ಫಕೀರಪ್ಪನವರ ಸ್ಮರಣೆಯ ಸಭೆ. ಅವರನ್ನು ಕಂಡವರಲ್ಲಿ ಉಳಿದವನೆಂದು ನನ್ನನ್ನು ಮಾತಿಗೆ ಕರೆದಿದ್ದಾರೆ. ಕರೆಯಲು ಬಂದ ಹಾವೇರಿಯ ಮಾಸ್ತರರು ಕೇಳಿದ್ದರು: "ಅಜ್ಜಾರ, ಅಂಥಾವರು ಯಾಕ ಸೋತ್ರು?" "ಕಾಲ ಬದಲಾತ್ರಿ" ಎಂದು ಜಾರಿಕೊಂಡಿದ್ದೆ. ಮೊನ್ನೆ ಬಸ್ಸಿಳಿದವನು ನೇರ ಅವರ ಮನೆಗೆ ಹೋದೆ. "ಸೋಲಿಸಿದಾವ ನಾನ್ರಿ, ಮಾಸ್ತರ" ಎಂದು ಎಲ್ಲವನ್ನೂ ಹೇಳಿದೆ. ಸಭೆಯಲ್ಲಿಯೂ ಇದನ್ನೇ ಹೇಳುತ್ತೇನೆ ಎಂದೆ.

ಮಾಸ್ತರರು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡರು. ಆಮೇಲೆ ಕೇಳಿದರು: "ಆ ತಾಯಿ ಹೆಸರೇನಿತ್ರಿ? ಯಾರನ್ನ ಕೇಳಿದ್ರೂ ಗೊತ್ತಿಲ್ಲ ಅಂತಾರ."

ವಸ್ತ್ರವನ್ನು ಹೆಗಲಿಗೇರಿಸಿ, ಎರಡೂ ಕೈಯನ್ನು ಅವರ ಮೇಜಿನ ಮೇಲಿಟ್ಟು ಹೇಳಿದೆ.

ಗಿರಿಜವ್ವ.